ಮಾನ್ಯ ಸಭಿಕರಿಗೆ ಒಂದು ಬಿನ್ನವತ್ತಳೆ

ನಮ್ಮ ಭಾಷಣಕಾರರು ದಿನ ಬೆಳಗಾದರೆ "ಮಾನ್ಯ ಸಭಿಕರೇ" ಅಂತ ಕೈ ಮುಗಿಯುತ್ತಾರೆ. ಯಾರಿಗೆ ಮುಗಿಯುತ್ತಿದ್ದೇವೆ ಅನ್ನುವುದು ಅವರಿಗೇ ಗೊತ್ತಿಲ್ಲ. ಹಳೆಯ ಧರ್ಮಶಾಸ್ತ್ರದಲ್ಲಿ ಸಭಿಕ ಅಂದರೆ ಜೂಜಿನ ಮನೆ ನಡೆಸುವವನು. ಆಡುವವರಿಗೆ ಜಾಗ ಕೊಟ್ಟು, ದಾಳ ಕೊಟ್ಟು, ಗೆದ್ದ ಹಣದಲ್ಲಿ ತನ್ನ ಪಾಲು ಎತ್ತಿಟ್ಟುಕೊಳ್ಳುವ ದೊಡ್ಡ ಮನುಷ್ಯ. ಆ ಹಳೆಯ ಅರ್ಥದಲ್ಲೇ, ಪೂರ್ತಿ ಭಕ್ತಿಯಿಂದ, ಇಳಕಲ್ಲಿನ ಒಬ್ಬ ಸಭಿಕರಿಗೆ ಈ ಬಿನ್ನವತ್ತಳೆ ಅರ್ಪಿಸುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಪ್ರಚಾರ ಅವರಿಗೆ ಸೇರುವುದಿಲ್ಲ. ಬಾಗಿಲನ್ನು ಸಹ ಒಳಗಿನಿಂದಲೇ ಹಾಕಿಕೊಂಡಿರುತ್ತಾರೆ.

ಒಂದು ಕಾಲಕ್ಕೆ ಕುಣಿಮಗ್ಗ ಇದ್ದ ಕೋಣೆ ಅದು. ಈಗ ಕುಣಿಗೆ ಕಲ್ಲು ಮುಚ್ಚಿ ಮೇಲೆ ಜಮಖಾನೆ ಹಾಸಿದ್ದಾರೆ. ಸುತ್ತ ಆರು ಜನ, ನಡುವೆ ಇಸ್ಪೀಟು, ಸಭಿಕರ ಮೊಣಕಾಲ ಹತ್ತಿರ ಬಿಸ್ಕೀಟಿನ ಹಳೇ ತಗಡಿನ ಡಬ್ಬಿ. ಅದರ ಮುಚ್ಚಳಕ್ಕೆ ಉಳಿಯಿಂದ ಸೀಳು ಹೊಡೆದಿದ್ದಾರೆ. ಗ್ರಾನೈಟಿನ ಊರು, ಉಳಿಗೇನು ಬರ! ತಗಡಿನ ಅಂಚಿಗೆ ತಾಗಿ ನೋಟು ಹರಿಯಬಾರದೆಂದು ಸೀಳಿನ ಎರಡೂ ಬದಿಗೆ ಕೆಂಪು ಪಟ್ಟಿ ಅಂಟಿಸಿದ್ದಾರೆ, ಥೇಟ್ ಇಳಕಲ್ ಸೀರೆಯ ದಡಿಯ ಹಾಗೆ. ಆಟ ಮುಗಿದು ಗೆದ್ದವನು ಕೈ ಚಾಚುವುದರೊಳಗೆ ಸಭಿಕರ ಎರಡು ಬೆರಳು ರಾಶಿಗೆ ಇಳಿದು, ನೂರಕ್ಕೆ ಐದರಂತೆ ಎತ್ತಿ, ಸೀಳಿಗೆ ತೂರಿಸಿ, ಮತ್ತೆ ಮೊಣಕಾಲ ಮೇಲೆ ಬಂದು ಕೂಡುತ್ತವೆ. ಬೆಂಗಳೂರಿನಲ್ಲಿ ಪೋಕರ್ ಆಡುವವರು ಇದಕ್ಕೆ ರೇಕ್ ಅನ್ನುತ್ತಾರಂತೆ. ಕಸ ಗೋರುವ ಹಲ್ಲಿನ ಸಲಕರಣೆಯ ಹೆಸರು ಅದು. ಎಂಥ ಒರಟು ಮಾತು! ನಮ್ಮವರ ಎರಡು ಬೆರಳಿನ ನಾಜೂಕನ್ನು ಅವರು ಕಂಡಿಲ್ಲ, ಪಾಪ.

ಐದು ಅನ್ನುವುದು ಸಭಿಕರು ಮನಸ್ಸಿಗೆ ಬಂದಂತೆ ಹೇಳಿದ ಅಂಕಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಜೂಜಿನ ಅಧ್ಯಕ್ಷ ಗೆದ್ದ ಹಣದಲ್ಲಿ ನೂರಕ್ಕೆ ಐದು ತೆಗೆದುಕೊಳ್ಳಬೇಕು. ದಾಳದ ಬಾಡಿಗೆ, ನೀರಿನ ದುಡ್ಡು, ಜಾಗದ ದುಡ್ಡು ಬೇರೆ. ಯಾಜ್ಞವಲ್ಕ್ಯ ಸ್ಮೃತಿಯೂ ದೊಡ್ಡ ಪಣಕ್ಕೆ ನೂರಕ್ಕೆ ಐದು, ಉಳಿದದ್ದಕ್ಕೆ ಹತ್ತು ಅನ್ನುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನೇ, ಆರನೇ ವಿಕ್ರಮಾದಿತ್ಯನ ಕಾಲದವನು. ಸಭಿಕ ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡಿಸಬೇಕು, ನಿಜ ಆಡಬೇಕು, ತಾಳ್ಮೆಯಿಂದಿರಬೇಕು, ರಾಜನಿಗೆ ಒಪ್ಪಿದ ಪಾಲು ಮುಟ್ಟಿಸಬೇಕು ಅನ್ನುವುದು ಸ್ಮೃತಿಯ ಅಪ್ಪಣೆ. ನಮ್ಮವರು ಇದರಲ್ಲಿ ಯಾವುದಕ್ಕೂ ಕೊರತೆ ಮಾಡಿದವರಲ್ಲ. ರಾಜನ ಪಾಲಿನ ಮಾತು ಬಂದಾಗ ಮಾತ್ರ ಎಲ್ಲರಿಗೂ ಚಹಾ ತರಿಸುತ್ತಾರೆ. ಕೌಟಿಲ್ಯ ನೀರಿಗೂ ದುಡ್ಡು ಎಣಿಸಿದ. ಇಲ್ಲಿ ಚಹಾ, ಗಿರಮಿಟ್ಟು, ಮಿರ್ಚಿ ಎಲ್ಲಾ ಪುಕ್ಕಟೆ.

ಇಷ್ಟಾದರೂ ಕೊಂಕು ತೆಗೆಯುವವರಿದ್ದಾರೆ. ಅವರಲ್ಲಿ ಮೊದಲಿಗರು ನಿವೃತ್ತರಾದ ನಮ್ಮ ಲೆಕ್ಕದ ಮಾಸ್ತರರು. ಆಟದಲ್ಲಿ ಅವರನ್ನು ಮೀರಿಸುವವರು ಆ ಜಮಖಾನೆಯ ಮೇಲೆ ಯಾರೂ ಇಲ್ಲ. ದೀಪಾವಳಿಯ ಅಮಾಸಿ ರಾತ್ರಿ ಆರು ಜನ ತಲಾ 2,000 ರೂಪಾಯಿ ಹಿಡಿದು ಕೂತರು. ಲೆಕ್ಕ ಸಲೀಸಾಗಲಿ ಅಂತ ಆಟಕ್ಕೆ ತಲಾ 100 ಅಂದುಕೊಳ್ಳಿ. ರಾಶಿ 600, ಅದರಲ್ಲಿ ಡಬ್ಬಿಗೆ 30. ತಾಸಿಗೆ 20 ಆಟ, ಆರು ತಾಸಿಗೆ 120. ಎಲ್ಲರೂ ಸರಿಸಮ ಆಡಿದರೆ ಒಬ್ಬೊಬ್ಬರಿಗೆ 20 ಆಟ. ಮಾಸ್ತರರು ಜಾಣರಲ್ಲವೇ, 21 ಗೆದ್ದರು. ಅವರು ಹೂಡಿದ್ದು 120 ಸಲ ನೂರು, ಅಂದರೆ 12,000. ಡಬ್ಬಿ ಇಲ್ಲದಿದ್ದರೆ 21 ಸಲ 600, ಅಂದರೆ 12,600 ಕೈಗೆ ಬಂದು 600 ಉಳಿಯುತ್ತಿತ್ತು. ಡಬ್ಬಿ ಇದ್ದುದರಿಂದ ಬಂದದ್ದು 21 ಸಲ 570, ಅಂದರೆ 11,970. ಮನೆಗೆ 30 ಕಡಿಮೆ ಒಯ್ದರು.

"ಸರ, ಗೆದ್ರಿ ಹೌದಿಲ್ಲೊ?" ಅಂತ ಕೇಳಿದೆ.

"ಆಟ ಗೆದ್ದೆಪಾ. ರೊಕ್ಕ ಅಷ್ಟ ಸೋತೆ."

ಇದರಲ್ಲಿ ಕೊರಗುವಂಥದ್ದು ಏನಿದೆ? ಇನ್ನೊಂದು ಆಟ ಹೆಚ್ಚು ಗೆದ್ದು 22 ಮಾಡಿದ್ದರೆ 1,200ರ ಬದಲು 540 ಆದರೂ ಸಿಗುತ್ತಿತ್ತು. ಜಾಣತನದ ಅರ್ಧಕ್ಕಿಂತ ಹೆಚ್ಚು ಭಾರವನ್ನು ಇನ್ನೊಬ್ಬರು ಹೊತ್ತುಕೊಳ್ಳುವುದು ಉಪಕಾರವಲ್ಲದೆ ಮತ್ತೇನು? ಜಾಣ ಬಡವಾಗಿ, ದಡ್ಡ ಇನ್ನಷ್ಟು ಬಡವಾಗಿ, ಇಬ್ಬರೂ ಕಡೆಗೆ ಒಂದೇ ಸಾಲಿಗೆ ಬರುತ್ತಾರೆ. ಇಂಥ ಸಮಾನತೆಗೆ ಎಷ್ಟೋ ಪಕ್ಷಗಳು ಪ್ರಣಾಳಿಕೆ ಬರೆದು ಸೋತಿವೆ. ಸಭಿಕರು ಎರಡು ಬೆರಳಿನಲ್ಲಿ ಸಾಧಿಸಿದ್ದಾರೆ.

ಮಾಸ್ತರರ ತಕರಾರು ಇನ್ನೂ ಒಂದು. ಪಾಲು ತೆಗೆಯುವುದು ಲಾಭದ ಮೇಲಲ್ಲ, ತಿರುಗಾಟದ ಮೇಲೆ ಅಂತ. ಅಡತಿ ಅಂಗಡಿಯ ದಲಾಲ ಒಂದು ಚೀಲ ಮೆಕ್ಕೆಜೋಳಕ್ಕೆ ಒಂದು ಸಲ ದಲಾಲಿ ಹಿಡಿಯುತ್ತಾನೆ. ಇಲ್ಲಿ ಅದೇ ಚೀಲವನ್ನು ಆ ಆರು ಜನರೇ ರಾತ್ರಿಯಿಡೀ 120 ಸಲ ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ, 120 ಸಲ ದಲಾಲಿ ಕೊಡುತ್ತಾರೆ. ಬೆಳಗಿನ ಜಾವಕ್ಕೆ ಡಬ್ಬಿಯಲ್ಲಿ 3,600. ಆರು ಮಂದಿ ತಂದ 12,000ದಲ್ಲಿ ಜಮಖಾನೆಯ ಮೇಲೆ ಉಳಿದದ್ದು 8,400. ಎದ್ದು ಹೋಗದೆ ಹೀಗೇ ಆಡಿದರೆ 20 ತಾಸಿಗೆ, ಅಂದರೆ 400ನೇ ಆಟಕ್ಕೆ, ಪೂರಾ 12,000 ಡಬ್ಬಿಯೊಳಗೆ. ಯಾರೂ ಮೋಸ ಮಾಡಿಲ್ಲ, ಎಲೆ ಕದ್ದಿಲ್ಲ, ಒಂದು ಕೆಟ್ಟ ಮಾತು ಬಂದಿಲ್ಲ. ಎಲ್ಲರ ಕೈಯೂ ಖಾಲಿ. ಇಷ್ಟು ಶಾಂತಿಯಿಂದ ಕೊನೆಗಾಣುವ ವ್ಯವಹಾರ ನಮ್ಮ ಕಡೆ ಇನ್ನೊಂದನ್ನು ತೋರಿಸಿ. ಹೊಲದ ಬದುವಿನ ಜಗಳವೇ ಮೂರು ತಲೆಮಾರು ನಡೆಯುತ್ತದೆ.

ಆಡಿ ಉದ್ಧಾರ ಆದವರಿಲ್ಲ ಅನ್ನುವುದು ಧರ್ಮರಾಯನಿಗೂ ತಡವಾಗಿ ಹೊಳೆಯಿತು. ರಾಜ್ಯ ಕಳೆದುಕೊಂಡ ಮೇಲೆ ಕಂಕ ಅಂತ ಹೆಸರಿಟ್ಟುಕೊಂಡು ವಿರಾಟನ ಅರಮನೆಯಲ್ಲಿ ಜೂಜಿನ ಬಲ್ಲಿದನಾಗಿ ಕೆಲಸಕ್ಕೆ ಸೇರಿದ. ಕೂತು ಉಣ್ಣುವ ಜಾಗ ಯಾವುದೆಂದು ಕಲಿಯಲು ಅವನಿಗೆ ಹನ್ನೆರಡು ವರ್ಷ ಕಾಡು ಬೇಕಾಯಿತು.

ದಿಲ್ಲಿಯವರೂ ಸಭಿಕರ ದಾರಿಯನ್ನೇ ಹಿಡಿದರು, ಆದರೆ ಸಂಯಮ ಸಾಲಲಿಲ್ಲ. ಮೊಬೈಲಿನ ದುಡ್ಡಿನ ಆಟಕ್ಕೆ 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30 ಮುರಿದುಕೊಳ್ಳುವ ನಿಯಮ ಬಂತು. ಅಕ್ಟೋಬರ್ 1ರಿಂದ, ಆಟಕ್ಕೆಂದು ಹಾಕಿದ ಪೂರ್ತಿ ಹಣದ ಮೇಲೇ ನೂರಕ್ಕೆ 28 ಜಿಎಸ್‌ಟಿ. ಕೌಟಿಲ್ಯ ಗೆದ್ದವನ ಗಂಟಿನಿಂದ ಐದು ತೆಗೆದ. ಇವರು ಇನ್ನೂ ಎಲೆ ಎತ್ತದವನಿಂದ 28. ಕಡೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ಆ ಅಂಗಡಿಗಳನ್ನೇ ಮುಚ್ಚಿಸಿತು. ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಕುಣಿಮಗ್ಗದ ಕೋಣೆಗೆ ಬಂದರು. ಸಭಿಕರು ಹಳೇ ಸಿಟ್ಟು ಇಟ್ಟುಕೊಳ್ಳದೆ ಸರಿದು ಜಾಗ ಕೊಟ್ಟರು.

ಕಾನೂನಿಗೂ ಇವರ ಯೋಗ್ಯತೆ ಗೊತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಮನೆಯನ್ನು ಗುರುತಿಸುವುದೇ ಮನೆಯವನಿಗೆ ಲಾಭ ಇದೆಯೋ ಇಲ್ಲವೋ ನೋಡಿ. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟೂ ಹಾಗೆಯೇ ಅಂದಿತು: ಸೌಕರ್ಯಕ್ಕೆಂದು ಫೀ ಹಿಡಿದರೆ ಅಡ್ಡಿಯಿಲ್ಲ, ಆಟದಿಂದಲೇ ಲಾಭ ಮಾಡಿಕೊಂಡರೆ ಅಪರಾಧ. ನಮ್ಮ ಸಭಿಕರು ಲಾಭ ಅನ್ನುವ ಶಬ್ದವನ್ನೇ ಬಾಯಿಂದ ಆಡುವುದಿಲ್ಲ. "ಲೈಟ್ ಬಿಲ್ ರೀ" ಅನ್ನುತ್ತಾರೆ.

ಇಳಕಲ್ಲಿನಲ್ಲಿ ಇನ್ನೊಂದು ಪಾತ್ರೆಯೂ ಇತ್ತು. ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಬೇಡದೆ, ರೊಕ್ಕ ಬೇಡದೆ, ನಿಮ್ಮ ಚಟ ಹಾಕಿ ಅಂದರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯಕ್ಕೆ ವ್ಯಸನಮುಕ್ತ ದಿನ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅದರಲ್ಲಿ ದೊಡ್ಡ ಐಬಿತ್ತು: ಒಮ್ಮೆ ಹಾಕಿದವನು ಮರಳಿ ಬಂದು ಹಾಕುವಂತಿರಲಿಲ್ಲ. ಡಬ್ಬಿಗೆ ಆ ತೊಂದರೆ ಇಲ್ಲ.

ಅಮಾಸಿ ಕಳೆದ ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಹುನಗುಂದದಿಂದ ಬಂದಿದ್ದ ಹುಡುಗನೊಬ್ಬ ಕಿಸೆ ತಡಕಾಡುತ್ತ ನಿಂತಿದ್ದ. ಬಸ್ ಚಾರ್ಜಿಗೂ ಉಳಿದಿರಲಿಲ್ಲ. ಸಭಿಕರು ನೋಡಿದರು. ಡಬ್ಬಿಯ ಮುಚ್ಚಳ ತೆಗೆದು ಐವತ್ತರ ನೋಟೊಂದನ್ನು ಎತ್ತಿ ಅವನ ಕೈಗಿಟ್ಟರು. ಹುಡುಗನ ಕಣ್ಣಲ್ಲಿ ನೀರು.

"ಕಾಕಾ, ನಿಮ್ಮ ಉಪಕಾರ ಮರಿಯೂದಿಲ್ರಿ."

"ಅದರಾಗೇನೈತೋ ತಮ್ಮಾ," ಅಂದರು ಸಭಿಕರು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ವಹಿಯಲ್ಲಿ ಬರೆದುಕೊಳ್ಳುತ್ತ. "ಬಡ್ಡಿ ಏನೂ ಬ್ಯಾಡ. ಬರೂ ಅಮಾಸಿಗೆ ಆಡಾಕ ಬಂದಾಗ ಕೊಡು."