ನರ್ಸತ್ತೆ

ಅರಸೀಕೆರೆ ಸೀಮೆಯಲ್ಲಿ ನಮ್ಮತ್ತೆಯ ಮುಂದೆ ಯಾರೂ ದೊಡ್ಡಸ್ತಿಕೆ ತೋರಿಸುವಂತಿರಲಿಲ್ಲ. ತೋರಿಸಿದರೆ ಅವರ ಹುಟ್ಟಿದ ತೂಕ ಹೊರಬೀಳುತ್ತಿತ್ತು. ಗರಿಗರಿ ಖಾದಿ ತೊಟ್ಟ ಪಂಚಾಯ್ತಿ ಮೆಂಬರೊಬ್ಬರು ಮದುವೆ ಮನೆಯಲ್ಲಿ ಹಿಂಬಾಲಕರ ಸಮೇತ ಊಟಕ್ಕೆ ಕೂತಿದ್ದಾಗ ಅತ್ತೆ ಎದುರು ಸಾಲಿನಿಂದಲೇ ಕೇಳಿದರು: "ಲೋ, ಗಿರಣಿ ಮನೆ ಹುಡುಗ ಅಲ್ವೇನೋ ನೀನು? ಒಂದೂಮುಕ್ಕಾಲು ಕೆಜಿ ಇದ್ದೆ. ಹತ್ತೀಲಿ ಸುತ್ತಿಟ್ಟಿದ್ವಿ. ಅದೆಷ್ಟನೇ ಹೋಳಿಗೆನೋ?" ಮೆಂಬರು ಹೋಳಿಗೆಯನ್ನು ಮೆಲ್ಲಗೆ ಎಲೆಯ ತುದಿಗೆ ಸರಿಸಿದರು.

ಪ್ರತಿ ಬಂಧುಬಳಗದಲ್ಲೂ ಇಂಥ ಒಬ್ಬರು ನರ್ಸಮ್ಮ ಇದ್ದೇ ಇರುತ್ತಾರೆ. ನಿವೃತ್ತಿ ಎನ್ನುವುದು ಸಂಬಳ ನಿಲ್ಲಿಸಲು ಸರ್ಕಾರ ಹೂಡಿದ ನೆಪ, ಅಷ್ಟೆ. ಮನೆಗೆ ಬಂದವರನ್ನು ಇವರು ಕುಶಲ ಕೇಳುವುದಿಲ್ಲ, ಪರೀಕ್ಷಿಸುತ್ತಾರೆ. ಕಣ್ಣಿನ ಕೆಳರೆಪ್ಪೆ ಎಳೆದು, ನಾಲಿಗೆ ಚಾಚಿಸಿ, ಉಗುರು ಒತ್ತಿ ನೋಡಿ, ಆಮೇಲೆ "ಯಾವಾಗ ಬಂದ್ಯೋ?" ಹೆಣ್ಣು ನೋಡಲು ಬಂದ ವರನಿಗೂ ಇದೇ ಸತ್ಕಾರ. ಪಾಪ, ಒಬ್ಬ ಕಾಫಿ ಕುಡಿಯುವ ಮುಂಚೆಯೇ ಜಂತುಹುಳದ ಮಾತ್ರೆ ನುಂಗಬೇಕಾಯಿತು.

ಅತ್ತೆ ಕೆಲಸಕ್ಕೆ ಸೇರಿದ್ದು ಗಾಜಿನ ಸಿರಿಂಜಿನ ಕಾಲದಲ್ಲಿ. ಸಿರಿಂಜು, ಸೂಜಿ ಎರಡನ್ನೂ ಸ್ಟವ್ ಮೇಲೆ ಕುದಿಸಬೇಕು. ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಬೇಕು. ನೀರು ಕೊತಕೊತ ಅನ್ನುವ ಸದ್ದಿಗೇ ಅರ್ಧ ಊರಿನ ಜ್ವರ ಇಳಿಯುತ್ತಿತ್ತಂತೆ. 1977ರಲ್ಲಿ ಭಾರತ ಸಿಡುಬುಮುಕ್ತ ಎಂದು ಘೋಷಣೆಯಾಯಿತಲ್ಲ, ಅದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಅತ್ತೆ ಒಂದಿಷ್ಟು ಪಾಲು ಬಿಟ್ಟುಕೊಡುತ್ತಿದ್ದರು. ಉಳಿದ ಕೀರ್ತಿಯೆಲ್ಲ ಲಸಿಕೆಗೆ ಹೆದರಿ ಅಟ್ಟ ಹತ್ತಿದ ಗಂಡಸರನ್ನು ಕಾಲು ಹಿಡಿದು ಕೆಳಗೆಳೆದವರಿಗೆ ಸೇರಬೇಕಂತೆ. ನಿವೃತ್ತಿಯ ನಂತರವೂ ಪಲ್ಸ್ ಪೋಲಿಯೋ ಭಾನುವಾರ ಬಂತೆಂದರೆ ಬೂತಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಹಾದುಹೋಗುವ ಕೂಸುಗಳ ಎಡಗೈ ಕಿರುಬೆರಳಿನ ಮಸಿ ತಪಾಸಣೆ ಮಾಡುತ್ತಿದ್ದರು. ಯಾರೂ ಕರೆದಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವಾಂತಿಭೇದಿಗೆ ಹೇಳಿದ ಈ ಪಾನಕವನ್ನು ಎಸ್ಸೆಸ್ಸೆಲ್ಸಿ ಫೇಲಾಗಿ ಅಳುತ್ತಿದ್ದ ನನ್ನ ತಮ್ಮನಿಗೂ ಕುಡಿಸಿದರು. ಅತ್ತಾಗ ಮೈಯಿಂದ ನೀರೂ ಉಪ್ಪೂ ಹೋಗುತ್ತೆ, ತುಂಬಬೇಕು. ಈ ವಾದದಲ್ಲಿ ದೋಷ ಹುಡುಕಲು ಗಣಿತದ ಮೇಷ್ಟರಾದ ಮಾವನಿಂದಲೂ ಆಗಲಿಲ್ಲ.

ಊರಿಗೆಲ್ಲ ಪಥ್ಯ ಹೇಳಿದವರು ತಮ್ಮ ಸಕ್ಕರೆ ಕಾಯಿಲೆಯನ್ನು ಮಾತ್ರ ಮೈಸೂರು ಪಾಕಿನ ಡಬ್ಬಿಯ ಜೊತೆಗೇ ಬಚ್ಚಿಟ್ಟಿದ್ದರು. ಕೊನೆಗೆ ಆಸ್ಪತ್ರೆ ಸೇರಿದಾಗ ಅವರಷ್ಟು ಕೆಟ್ಟ ರೋಗಿ ಇನ್ನೊಬ್ಬರಿರಲಿಲ್ಲ. ಬೆಡ್‌ಶೀಟಿನ ಮೂಲೆ ಸರಿಯಾಗಿ ಮಡಚಿಲ್ಲವೆಂದು ಎದ್ದು ತಾವೇ ಮಡಚಿದರು. ನರ ಸಿಗದೆ ಬೆವರುತ್ತಿದ್ದ ಹೊಸ ನರ್ಸಿಗೆ ತಮ್ಮ ಕೈಯನ್ನೇ ಪಾಠಕ್ಕೆ ಚಾಚಿದರು.

"ಮುಷ್ಟಿ ಹಿಡೀರಿ ಅಂತ ಹೇಳಮ್ಮ ನಂಗೆ."

"ಮುಷ್ಟಿ ಹಿಡೀರಿ, ಅಜ್ಜಿ."

"ಅಜ್ಜಿ ಅಲ್ಲ, ಸಿಸ್ಟರ್ ಅನ್ನು. ಹಾಂ, ಈಗ ತಟ್ಟು. ಕಾಣ್ತಾ?"

ಅತ್ತೆ ತೀರಿಕೊಂಡ ಮೇಲೆ ಅವರ ಒಡವೆ ಹಂಚಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು. ಪಾದರಸದ ಬಿಪಿ ಯಂತ್ರ ಯಾರಿಗೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆ ಮಾತೆತ್ತಿದರೆ ಮನೆಯಲ್ಲಿ ಎಲ್ಲರ ಬಿಪಿಯೂ ಏರುತ್ತದೆ.