ಖಾಲಿ ಚೀಲದ ಷರಾ

ಕಟ್ಟಡದ ಕೆಲಸದಲ್ಲಿ ಇಂಜಿನಿಯರ್ ಅನ್ನಿಸಿಕೊಂಡವನು ಹಗಲೆಲ್ಲ ಕೂಗಾಡಿ, ಸಂಜೆ ತಗಡಿನ ಷೆಡ್ಡಿನಲ್ಲಿ ಸೊಳ್ಳೆ ಹೊಡೆಯುತ್ತ ದಿನಚರಿ ಬರೆಯಬೇಕು. ದಿನಾಂಕ, ಹವಾಮಾನ, ಗಂಡಾಳು, ಹೆಣ್ಣಾಳು, ಬಂದ ಮಾಲು, ಆದ ಕೆಲಸ, ಭೇಟಿ ಕೊಟ್ಟ ಅಧಿಕಾರಿಗಳು, ಕೊನೆಗೆ ಷರಾ. ಮಿಕ್ಕದ್ದನ್ನು ಯಾರು ಬೇಕಾದರೂ ತುಂಬಬಹುದು. ಷರಾ ನನ್ನ ಜಹಗೀರು. ಕಾಲೇಜಿನಲ್ಲಿ ಕತೆ ಬರೆದು ವಿಷಾದಪತ್ರ ಪಡೆದವನಿಗೆ ಸಂಪಾದಕರ ಕಾಟವಿಲ್ಲದ ಜಾಗ ಅದೊಂದೇ. 'ಸದರಿ ದಿನ ಜೆಲ್ಲಿ ಲಾರಿ ಬಂದು, ಬೇಡದ ಕಡೆ ಸುರಿದು, ಹಾರ್ನನ್ನೂ ಮಾಡದೆ ಹೊರಟುಹೋಯಿತು' ಎಂದೆಲ್ಲ ಬರೆದು, ನಾನೇ ಓದಿ, ನಾನೇ ತಲೆದೂಗುತ್ತಿದ್ದೆ.

ಜೊತೆಗೆ ಸಿಮೆಂಟ್ ರಿಜಿಸ್ಟರು. ಕಾಂಕ್ರೀಟು ಗಟ್ಟಿಯಾದ ಮೇಲೆ ಅದರ ಹೊಟ್ಟೆಯಲ್ಲೇನಿದೆಯೋ ಬ್ರಹ್ಮನಿಗೂ ತಿಳಿಯದು. 150 ಮಿಲಿಮೀಟರಿನ ಕ್ಯೂಬ್ ಮಾಡಿ 7ನೇ ದಿನ, 28ನೇ ದಿನ ಒಡೆದು ನೋಡುತ್ತಾರೆ, ನಿಜ. ಆದರೆ ಕ್ಯೂಬಿಗೆ ಹೋಗುವ ಕಾಂಕ್ರೀಟನ್ನು ಮೇಸ್ತ್ರಿ ಮದುಮಗಳ ಹಾಗೆ ಸಿಂಗರಿಸಿರುತ್ತಾನೆ. ಅದಕ್ಕೇ ಖಾಲಿ ಚೀಲಗಳನ್ನು ಸಾಕ್ಷಿಗೆ ಕರೆಯುವುದು. 1:1½:3 ಮಿಶ್ರಣಕ್ಕೆ ಘನಮೀಟರಿಗೆ ಸುಮಾರು 8 ಮೂಟೆ ಬೇಕು; ಒಡೆದ ಮೂಟೆಗಳಿಗೆ ಸರಿಯಾಗಿ ಖಾಲಿ ಚೀಲ ತೋರಿಸಬೇಕು.

ತಾಲ್ಲೂಕು ಊರೊಂದರಲ್ಲಿ ಹಾಸ್ಟೆಲ್ ಕಟ್ಟುತ್ತಿದ್ದೆವು. ಮೋಲ್ಡ್ ಹಾಕಿದ ಸಂಜೆ ಎಣಿಸಿದರೆ ಮೂಟೆ 160, ಚೀಲ 157.

ಮೂರು ಚೀಲ! ಬೇರೆಯವನಾಗಿದ್ದರೆ 160 ಎಂದು ಗೀಚಿ ಮನೆಗೆ ಹೋಗಿ ಉಣ್ಣುತ್ತಿದ್ದ. ನಾನು ಹೆಲ್ಮೆಟ್ ಬಿಗಿದು, ರಿಜಿಸ್ಟರನ್ನು ಕಂಕುಳಲ್ಲಿ ಇರುಕಿ, ಟಾರ್ಚ್ ಹಿಡಿದು ಹೊರಟೆ. ಹಿಂದೆ ಮೇಸ್ತ್ರಿ, ಅವನ ಹಿಂದೆ ವಾಚ್‌ಮನ್, ಅವನ ಹಿಂದೆ ಅವನ ನಾಯಿ. ಮೊದಲನೆಯ ಚೀಲ ನೀರಿನ ಡ್ರಮ್ಮಿನ ಮೇಲೆ ಮುಚ್ಚಳದ ಹುದ್ದೆಯಲ್ಲಿತ್ತು. ಜಪ್ತಿ! ಎರಡನೆಯದು ಬಚ್ಚಲಿನ ಬಾಗಿಲಾಗಿತ್ತು. ಕೈ ಹಾಕುವಷ್ಟರಲ್ಲಿ ಒಳಗಿನಿಂದ ಕೆಮ್ಮು. ನಾಯಿಯೂ ಸೇರಿ ನಾಲ್ವರೂ ಬೆನ್ನು ತಿರುಗಿಸಿ ನಿಂತೆವು. ಒಳಗೆ ಚೊಂಬು ಚೊಂಬಾಗಿ ನೀರು ಬೀಳುತ್ತಿತ್ತು. ಹೊರಗೆ ನನ್ನಲ್ಲಿ ಷರಾ ಹುಟ್ಟುತ್ತಿತ್ತು: 'ಸದರಿ ಚೀಲವು ಬಳಕೆಯಲ್ಲಿದ್ದ ಪ್ರಯುಕ್ತ ಕೂಡಲೇ ವಶಪಡಿಸಿಕೊಳ್ಳಲು ಸಾಧ್ಯವಾಗಿರುವುದಿಲ್ಲ.' ಆಹಾ! 'ಪ್ರಯುಕ್ತ'ದ ಬದಲು 'ನಿಮಿತ್ತ' ಹಾಕಿದರೆ ಹೇಗೆ ಎಂದು ಮೇಸ್ತ್ರಿಯನ್ನೂ ಕೇಳಿದೆ. ಅವನು ಆಕಾಶ ನೋಡಿದ. ಕೊನೆಗೆ ಹೊರಬಂದ ಕಂಬಿ ಕಟ್ಟುವವನು ನಮ್ಮ ಮೆರವಣಿಗೆ ಕಂಡು, "ಒಂದ್ ಚೀಲಕ್ಕ ಇಷ್ಟ್ ಮಂದಿ ಬಂದೀರೇನ್ರಿ ಸಾಹೇಬ್ರ?" ಎಂದ.

ಮೂರನೆಯ ಚೀಲದ ಮೇಲೆ ಕೂಸು ಮಲಗಿತ್ತು. ತಾಯಿ ಯಾದಗಿರಿ ಕಡೆಯವಳು, ಬೆಳಗಿನಿಂದ ಬಾಂಡ್ಲಿ ಹೊತ್ತವಳು. "ತಗೋರಿ" ಎಂದು ಕೂಸನ್ನು ಎತ್ತಲು ಬಾಗಿದಳು. ಬೇಡಮ್ಮ ಎಂದೆ. "ನಿಮ್ಮ ಬುಕ್ಕಿನ್ಯಾಗ ನನ್ನ ಹೆಸ್ರು ಐತೇನ್ರಿ? ಲೇಬರ್ ಕಾರ್ಡಿಗೆ ತೊಂಬತ್ತು ದಿನ ದುಡದದ್ದು ತೋರಸ್ಬೇಕಂತ" ಎಂದಳು.

ಟಾರ್ಚ್ ಬಿಟ್ಟು ನೋಡಿದೆ. 'ಹೆಣ್ಣಾಳು: 14.' ಹತ್ತು ನಿಮಿಷ ಬಂದು ಎಳನೀರು ಕುಡಿದು ಹೋದ ಅಧಿಕಾರಿಯ ಹೆಸರು ಇನಿಷಿಯಲ್, ಪದನಾಮ ಸಮೇತ ಇತ್ತು. ಹಿಂದಿನ ವಾರದ ಷರಾದಲ್ಲಿ ನಾಯಿಯ ಹೆಸರೂ ಇತ್ತು. ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದವರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದಿತ್ತು. ಅದೇ ಕಾಯ್ದೆಯಲ್ಲಿ ಕೂಸುಗಳಿಗೆ ಕೋಣೆಯೂ ಇತ್ತು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ. ನಮ್ಮಲ್ಲಿ 14 ಜನ, ಹಾಗಾಗಿ ಚೀಲ. ಕಂಟ್ರಾಕ್ಟರನ ಹಾಜರಿ ಪುಸ್ತಕ ಕೇಳಿದರೆ, ಅದು ಯಾವಾಗಲೂ 'ಆಫೀಸಿನಲ್ಲಿದೆ'.

ಅಂದು ಹದಿನಾಲ್ಕೂ ಹೆಸರು ಕೇಳಿ ಷರಾದಲ್ಲಿ ಬರೆದೆ. ಮೇಲಿನವರು ಕೆಂಪು ಶಾಯಿಯಲ್ಲಿ ಉತ್ತರಿಸಿದರು: 'ಹೆಸರುಗಳು ಅನವಶ್ಯಕ. ಚೀಲ 1 ಕಡಿಮೆ; ವಿವರಣೆ ನೀಡಿ.' ಕೊಟ್ಟೆ: 'ಸದರಿ ಚೀಲದ ಮೇಲೆ ಮಗು ಮಲಗಿರುತ್ತದೆ.' ನನ್ನ ಸಮಗ್ರ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯವಿಲ್ಲ.

ನೀವು ಮನೆ ಕಟ್ಟಿಸುತ್ತಿದ್ದರೆ ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಹವಾಮಾನ ಬರೆಯದಿದ್ದರೂ ನಡೆದೀತು. ದುಡಿದವರ ಹೆಸರು, ದಿನಾಂಕ ಬರೆದು, ಕೆಳಗೆ ರುಜು ಹಾಕಿ, ಅವರ ಕೈಗೂ ಒಂದು ಪ್ರತಿ ಕೊಡಿ.