ದೋಣಿ ಹೊಲಿದದ್ದು

ನಿವೃತ್ತರಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಜಾಗದ ತಕರಾರಿಗೆ ಕೋರ್ಟಿಗೆ ಹೋಗುತ್ತಾರೆ. ನಾನು ಪ್ಲೈವುಡ್ ಅಂಗಡಿಗೆ ಹೋದೆ. ಕುಂದಾಪುರದಲ್ಲಿ ಪಂಚಗಂಗಾವಳಿಯ ಗಾಳಿ ಕುಡಿಯುತ್ತ ಮೂವತ್ತು ವರ್ಷ ಲೆಡ್ಜರ್ ಬರೆದವನಿಗೆ ಸ್ವಂತದ್ದೊಂದು ದೋಣಿ ಬೇಡವೇ?

ಹುಚ್ಚು ಹತ್ತಿಸಿದ್ದು ‘ಮಿರರ್’ ಎಂಬ ಇಂಗ್ಲಿಷರ ದೋಣಿ. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್‌ನೆಲ್ 1962ರಲ್ಲಿ ರೂಪಿಸಿದ್ದು. ಉದ್ದ 10 ಅಡಿ 10 ಇಂಚು. ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಫೈಬರ್ ಪಟ್ಟಿ ಕೂರಿಸಿ ಅಂಟು ಬಳಿದರೆ ಮುಗಿಯಿತು. ನಮ್ಮಜ್ಜಿ ಹಲಸಿನೆಲೆಗೆ ಕಡ್ಡಿ ಚುಚ್ಚಿ ಕಡುಬಿನ ಕೊಟ್ಟೆ ಕಟ್ಟುತ್ತಿದ್ದುದೂ ಇದೇ ವಿದ್ಯೆ. ಐಎಸ್ 710 ಮುದ್ರೆಯ ಮರೀನ್ ಪ್ಲೈ ತಂದು ಜಗಲಿಯ ಮೇಲೆ ಹರಡಿದೆ.

ದೋಣಿ ಕೆಲಸದಲ್ಲೇ ತಲೆ ನರೆಸಿಕೊಂಡ ನೆರೆಮನೆಯ ಆಚಾರಿ ಬಂದು ನೋಡಿದರು. “ಹ್ವಾಯ್, ಇದೆಂತ ಹೊಸ್ತಾ? ನಮ್ಮಜ್ಜನೂ ದೋಣಿ ಹೊಲಿತಿದ್ರ್ ಮರ್ರೆ, ತೆಂಗಿನ್ ಹುರಿ ಹಾಕಿ.” ಇಂಗ್ಲಿಷರ ವಿದ್ಯೆ ಅಲ್ಲಿಗೆ ಅರ್ಧ ಇಳಿಯಿತು.

ಉಳಿದರ್ಧ ಇಳಿಸಿದ್ದು ಎಪಾಕ್ಸಿ ಎಂಬ ಆ ಅಂಟು. ಅದನ್ನು ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಬೇಕು. ಆಳದ ಪಾತ್ರೆಯಲ್ಲಿ ಒಟ್ಟಿಗೆ ಕಲಸಿದರೆ ತನ್ನ ಕಾವಿಗೆ ತಾನೇ ಕುದಿದು ಕಲ್ಲಾಗುತ್ತದೆ. ಇದು ನನಗೆ ತಿಳಿದದ್ದು ಹೆಂಡತಿಯ ತವರಿನ ಸ್ಟೀಲ್ ಲೋಟದಿಂದ ಹೊಗೆ ಎದ್ದ ಮೇಲೆ. ಚಮಚ ನೆಟ್ಟಗೆ ನಿಂತಿತ್ತು, ಎಳೆದರೆ ಲೋಟವೂ ಜೊತೆಗೇ ಬಂತು. “ಇನ್ನು ಇದರಲ್ಲೇ ನಿಮಗೆ ಕಾಫಿ” ಎಂದಳು. ಎರಡು ದಿನ ಕಾಫಿಯೇ ಇರಲಿಲ್ಲ.

ಅಂಟು ಒಣಗಿದ ಮೇಲೆ ತಂತಿ ಕೀಳಬೇಕು, ತೂತು ಮುಚ್ಚಬೇಕು. ಎಲ್ಲ ಮುಚ್ಚಿದ್ದೆ, ಸೀಟಿನಡಿಯ ಏಳನ್ನು ಬಿಟ್ಟು. ತೆಂಗಿನಕಾಯಿ ಒಡೆದು ಹೊಳೆಗಿಳಿಸಿ, ಹುಟ್ಟು ಹಾಕಿ ಹತ್ತು ಮಾರು ಹೋಗಿರಬಹುದು, ಪಂಚೆ ಒದ್ದೆಯಾಯಿತು. ಬಗ್ಗಿ ನೋಡಿದರೆ ಏಳು ಪುಟ್ಟ ಕಾರಂಜಿ, ಸಾಲಾಗಿ. ಬೊಗಸೆಯಲ್ಲಿ ನೀರು ಮೊಗೆಯುತ್ತ ದಡಕ್ಕೆ ಬಂದಾಗ ಆಚಾರಿ ನಗಲಿಲ್ಲ, ಅದೇ ಹೆಚ್ಚು ಉರಿದದ್ದು. “ನಮ್ಮಜ್ಜ ಹೊಲ್ಗಿ ಬಿಚ್ತಿರ್ಲಿಲ್ಲ” ಎಂದರು, ಅಷ್ಟೇ.

ಮಾರನೆಯ ದಿನವೇ ಏಳನ್ನೂ ಮುಚ್ಚಿದೆ. ಆದರೆ ಮತ್ತೆ ಹೊಳೆಗಿಳಿಸಲು ಮನೆಯಲ್ಲಿ ಅಪ್ಪಣೆ ಸಿಕ್ಕಿಲ್ಲ. ದೋಣಿ ಈಗ ಹಿತ್ತಿಲಲ್ಲಿ ಮಗುಚಿಕೊಂಡಿದೆ, ಅಡಿಯಲ್ಲಿ ಬಚ್ಚಲೊಲೆಯ ಸೌದೆ. ಈ ಸಲದ ಆಷಾಢದ ಮಳೆಗೂ ಒಂದು ಹನಿ ಒಳಗೆ ಇಳಿದಿಲ್ಲ.